ಕಲೆ ಇಲ್ಲಿ, ಸೋರಿಕೆ ಎಲ್ಲಿ?

ಸೀಲಿಂಗ್‌ನಲ್ಲಿ ಒಂದು ತೇವದ ಕಲೆ ಕಾಣಿಸಿಕೊಂಡ್ರೆ ಸಾಕು, ಮನೆಗೆ ಬಂದವರೆಲ್ಲ ಎಕ್ಸ್‌ಪರ್ಟ್ ಆಗಿಬಿಡ್ತಾರೆ. ‘ಮೇಲಿನವರ ಬಾತ್‌ರೂಮೇ, ಗ್ಯಾರಂಟಿ’ ಅಂತ ಒಬ್ಬರು. ‘ತಾರಸಿ ಬಿರುಕು ಬಿಟ್ಟಿದೆ’ ಅಂತ ಇನ್ನೊಬ್ಬರು. ಪ್ಲಂಬರ್ ಬಂದು ಒಂದು ಸಲ ಮೇಲೆ ನೋಡಿ, ‘ಟೈಲ್ಸ್ ಒಡೀಬೇಕು ಸಾರ್’ ಅಂತಾರೆ. ಒಡೆದು ನೋಡಿದ್ರೆ ಅಲ್ಲಿ ಪೈಪ್ ಚೆನ್ನಾಗೇ ಇರುತ್ತೆ. ಆಮೇಲೆ ಪಕ್ಕದ್ದು ಒಡೀತಾರೆ. ಹೀಗೆ ಸಾವಿರಾರು ರೂಪಾಯಿ ಹೋಗುತ್ತೆ, ಮೇಲಿನ ಮನೆ ಕೆಳಗಿನ ಮನೆ ಮಾತು ಬಿಡ್ತಾರೆ, ಕಲೆ ಮಾತ್ರ ಇದ್ದಲ್ಲೇ ಇರುತ್ತೆ.

ಸುತ್ತಿಗೆ ಎತ್ತುವ ಮುಂಚೆ ಏನೇನು ಮಾಡಬಹುದು ಅಂತ ನಮ್ಮ ಕ್ಲಬ್‌ನ ಸಿವಿಲ್, ಮೆಕ್ಯಾನಿಕಲ್ ಹುಡುಗ ಹುಡುಗಿಯರು ಸೇರಿ ಬರೆದಿರೋ ಪಾಠ ಇದು. ಹೆಚ್ಚಿನದಕ್ಕೆ ಬೇಕಾಗೋದು ಸ್ಕೇಲು, ಸೀಮೆಸುಣ್ಣ, ಒಂದು ಬಕೆಟ್, ಮೊಬೈಲ್‌ನ ಸ್ಟಾಪ್‌ವಾಚ್ ಅಷ್ಟೇ.

ಮೊದಲು ತಲೆಯಲ್ಲಿ ಇಟ್ಕೋಬೇಕಾದ ಮಾತು: ಕಲೆ ಹೇಳೋದು ನೀರು ಎಲ್ಲಿ ಹೊರಗೆ ಬಂತು ಅಂತ, ಎಲ್ಲಿ ಸೋರಿತು ಅಂತ ಅಲ್ಲ. ಸ್ಲ್ಯಾಬ್‌ಗೂ ಟೈಲ್ಸ್‌ಗೂ ನಡುವೆ ಇರೋ ಗಾರೆಯಲ್ಲಿ ನೀರು ಅಡ್ಡಡ್ಡ ಮೀಟರ್‌ಗಟ್ಟಲೆ ಹರಿಯುತ್ತೆ. ಎಲ್ಲಿ ಸಂದು ಸಿಗುತ್ತೋ ಅಲ್ಲಿ ಇಳಿಯುತ್ತೆ. ವೈರಿಂಗ್ ಪೈಪ್ ಸಿಕ್ಕರಂತೂ ಅದಕ್ಕೆ ರಾಜಮಾರ್ಗ. ನಮ್ಮ ಕಡೆ ಬಾತ್‌ರೂಮ್‌ಗಳಲ್ಲಿ ಸ್ಲ್ಯಾಬನ್ನು ತಗ್ಗಿಸಿ, ಪೈಪ್ ಹಾಕಿ, ಮೇಲೆ ಇಟ್ಟಿಗೆ ಚೂರು ತುಂಬ್ತಾರಲ್ಲ, ಅದು ಒಂದು ಗುಪ್ತ ತೊಟ್ಟಿ ಇದ್ದ ಹಾಗೆ. ಸೋರಿದ ನೀರು ವಾರಗಟ್ಟಲೆ ಅಲ್ಲೇ ತುಂಬಿಕೊಂಡು, ಆಮೇಲೆ ಇನ್ಯಾವುದೋ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತೆ.

‘ಸಣ್ಣ ಸೋರಿಕೆ ತಾನೇ, ಬಿಡಿ’ ಅನ್ನೋರಿಗೆ ಒಂದು ಲೆಕ್ಕ. ಟ್ಯಾಂಕ್‌ನ ನೀರಿನ ಮಟ್ಟದಿಂದ 6 ಮೀಟರ್ ಕೆಳಗೆ ಪೈಪ್‌ನಲ್ಲಿ 1 ಮಿ.ಮೀ. ವ್ಯಾಸದ ತೂತು ಇದೆ ಅಂದ್ಕೊಳ್ಳಿ. ಟಾರಿಚೆಲ್ಲಿ ಸೂತ್ರದ ಪ್ರಕಾರ ನೀರಿನ ವೇಗ √(2 × 9.81 × 6), ಅಂದ್ರೆ ಸೆಕೆಂಡಿಗೆ ಸುಮಾರು 10.8 ಮೀಟರ್. ತೂತಿನ ವಿಸ್ತೀರ್ಣದಿಂದ ಗುಣಿಸಿ, ಡಿಸ್ಚಾರ್ಜ್ ಗುಣಾಂಕ 0.6 ಹಾಕಿದ್ರೆ ಸೆಕೆಂಡಿಗೆ 5 ಮಿಲಿಲೀಟರ್ ಚಿಲ್ಲರೆ. ಏನು ಮಹಾ ಅನ್ಸುತ್ತೆ. ಆದ್ರೆ ದಿನಕ್ಕೆ ಅದು ಸುಮಾರು 440 ಲೀಟರ್! ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿದು ನೀರಿನ ಯೋಜನೆ ಮಾಡ್ತಾರೆ. ಅಂದ್ರೆ ಪೆನ್ ತುದಿಯಷ್ಟು ತೂತು ಮೂರು ಜನರ ಪಾಲನ್ನು ಕುಡಿದುಬಿಡ್ತು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೇರಿ ಬರುತ್ತೆ. 1000 ಲೀಟರ್ ಅಷ್ಟು ಎತ್ತರ ಏರೋಕೆ, ಪಂಪ್‌ನಲ್ಲಿ ಒಂಚೂರೂ ನಷ್ಟ ಇಲ್ಲ ಅಂದ್ರೂ, 1.36 ಯೂನಿಟ್ ಕರೆಂಟ್ ಬೇಕು. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿರಬಹುದು. ಗೋಡೆಯೊಳಗೆ ಸೋರೋ ನೀರಿಗೆ ದಂಡ ಹಾಕೋರು ಯಾರೂ ಇಲ್ಲ.

ಸರಿ, ಹುಡುಕೋದು ಹೇಗೆ? ಕಲೆಯನ್ನು ನೋಡೋಕಿಂತ ಮೊದಲು ಅದರ ಟೈಮ್‌ಟೇಬಲ್ ನೋಡಿ. ಹಗಲು ರಾತ್ರಿ, ಮನೆಯಲ್ಲಿ ಜನ ಇರಲಿ ಬಿಡಲಿ, ಒಂದೇ ಸಮನೆ ತೇವ ಇದ್ರೆ ಅದು ಸಪ್ಲೈ ಪೈಪು. ಯಾಕಂದ್ರೆ ಅದರಲ್ಲಿ ಯಾವಾಗಲೂ ಒತ್ತಡ ಇರುತ್ತೆ. ಬೆಳಿಗ್ಗೆ ಸ್ನಾನ ಆದ ಮೇಲೆ ಜಾಸ್ತಿಯಾಗಿ ಮಧ್ಯಾಹ್ನ ಕಡಿಮೆಯಾದ್ರೆ ಡ್ರೈನ್ ಪೈಪು, ಇಲ್ಲಾಂದ್ರೆ ನೆಲದ ಟೈಲ್ಸ್ ಸಂದು. ಮಳೆ ಬಂದ ಮೇಲೆ ಮಾತ್ರ ಕಂಡ್ರೆ ತಾರಸಿ ಅಥವಾ ಹೊರಗೋಡೆ. ನೆಲದಿಂದ ಶುರುವಾಗಿ ಮಂಡಿಯೆತ್ತರದವರೆಗೆ, ಮೇಲ್ಗಡೆ ಬಿಳಿ ಉಪ್ಪಿನ ಪುಡಿ ಬಿಟ್ಟುಕೊಂಡು ನಿಂತ್ರೆ, ಅದು ಸಾಮಾನ್ಯವಾಗಿ ಸೋರಿಕೆಯೇ ಅಲ್ಲ. ಮಣ್ಣಿನ ತೇವವನ್ನು ಇಟ್ಟಿಗೆ ಬತ್ತಿಯ ಹಾಗೆ ಮೇಲಕ್ಕೆ ಹೀರಿಕೊಂಡಿರುತ್ತೆ. ಕರಾವಳಿಯ ಗೆಳೆಯರಿಗೆ ಇನ್ನೊಂದು ಅನುಮಾನ ಬರಬೇಕು: ಮಳೆಗಾಲದಲ್ಲಿ ಗಾಳಿಯ ತೇವವೇ ತಣ್ಣಗಿನ ಗೋಡೆ ಮೇಲೆ ಕೂರುತ್ತೆ. ಗೋಡೆ ಒರೆಸಿ, ಒಂದು ತುಂಡು ಅಲ್ಯೂಮಿನಿಯಂ ಫಾಯಿಲ್‌ನ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹೊರಮೈ ಒದ್ದೆಯಾದ್ರೆ ಗಾಳಿಯದ್ದು, ಒಳಮೈ ಒದ್ದೆಯಾದ್ರೆ ಗೋಡೆಯದ್ದು. ಇದೊಂದು ಪರೀಕ್ಷೆಯಿಂದಲೇ ಎಷ್ಟೋ ಮನೆಗಳ ಜಗಳ ತಪ್ಪುತ್ತೆ ಅನ್ನೋದು ನಮ್ಮ ನಂಬಿಕೆ.

ಸಪ್ಲೈ ಪೈಪ್ ಮೇಲೆ ಅನುಮಾನ ಇದ್ರೆ ‘ಎಲ್ಲ ನಲ್ಲಿ ಬಂದ್ ಮಾಡಿ ಮೀಟರ್ ನೋಡಿ’ ಅಂತ ವಿದೇಶದ ವಿಡಿಯೋಗಳಲ್ಲಿ ಹೇಳ್ತಾರೆ. ನಮ್ಮಲ್ಲಿ ಅದು ಹಾಗೇ ನಡೆಯಲ್ಲ. ನಮ್ಮ ಮೀಟರ್ ಇರೋದು ಬೀದಿಗೂ ಸಂಪಿಗೂ ನಡುವೆ. ಅದರಾಚೆ ಮೋಟರ್, ತಾರಸಿ ಮೇಲಿನ ಟ್ಯಾಂಕು, ಅಲ್ಲಿಂದ ಇಳಿಯೋ ಪೈಪು. ಮನೆಯೊಳಗೆ ಎಷ್ಟು ಸೋರಿದ್ರೂ ಮೀಟರ್‌ಗೆ ಆಗಲೇ ಗೊತ್ತಾಗಲ್ಲ. ಹಾಗಾಗಿ ನಮಗೆ ಟ್ಯಾಂಕೇ ಮೀಟರ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೋಟರ್ ಆಫ್ ಮಾಡಿ (ಆಟೋಮ್ಯಾಟಿಕ್ ಇದ್ರೆ ಅದನ್ನೂ), ಸ್ಕೇಲ್ ಇಳಿಸಿ ನೀರಿನ ಮಟ್ಟ ಬರ್ಕೊಳ್ಳಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟೋ ಮುಂಚೆ ಮತ್ತೆ ಅಳೀರಿ. 1.1 ಮೀಟರ್ ವ್ಯಾಸದ ಟ್ಯಾಂಕ್‌ನಲ್ಲಿ 1 ಸೆಂ.ಮೀ. ಇಳಿದ್ರೆ ಸುಮಾರು 9.5 ಲೀಟರ್ ಹೋಯ್ತು ಅಂತ. ಮಾರನೇ ರಾತ್ರಿ ಟ್ಯಾಂಕ್ ಬುಡದ ವಾಲ್ವ್ ಬಂದ್ ಮಾಡಿ ಅದೇ ಅಳತೆ. ಆಗಲೂ ಇಳಿದ್ರೆ ಟ್ಯಾಂಕೇ ಸೋರ್ತಿದೆ. ಇಳಿಯದಿದ್ರೆ ಪೈಪು. ಸಂಪಿಗೂ ಇದೇ ಪಾಠ, ಬೀದಿಯಿಂದ ಬರೋ ನೀರನ್ನು ನಿಲ್ಲಿಸಿ ಅಳೀಬೇಕು ಅಷ್ಟೇ.

ಇದು ನಿಜವಾಗಿ ಕೆಲಸ ಮಾಡಿದ್ದು ಹೇಳ್ತೀವಿ. ನಮ್ಮ ಗುಂಪಿನ ಒಬ್ಬಳ ಚಿಕ್ಕಮ್ಮ ಮೈಸೂರಿನಲ್ಲಿ ಒಂದು ಕಟ್ಟಡದ ಮೊದಲನೇ ಮಹಡಿಯಲ್ಲಿದ್ದಾರೆ. ಹಾಲ್‌ನ ಫ್ಯಾನ್ ಹುಕ್‌ನಿಂದ ನೀರು ತೊಟ್ಟಿಕ್ಕೋಕೆ ಶುರುವಾಯ್ತು. (ಇಂಥ ಕಡೆ ಮೊದಲು ಆ ಲೈನ್‌ನ ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನ ಕರೀಬೇಕು. ಮಿಕ್ಕಿದ್ದೆಲ್ಲ ಆಮೇಲೆ.) ಮೇಲಿನ ಮನೆಯ ಬಾತ್‌ರೂಮ್ ಪಕ್ಕದಲ್ಲೇ ಇದ್ದದ್ದರಿಂದ ಎಲ್ಲರ ಬೆರಳೂ ಅದರ ಕಡೆಗೇ. ಹೊಸದಾಗಿ ಟೈಲ್ಸ್ ಹಾಕಿಸಿದ್ದ ಮೇಲಿನ ಮನೆ ಅಂಕಲ್ ‘ಒಡೆಯೋಕೆ ಬಿಡಲ್ಲ’ ಅಂದ್ರು. ನಮಗೇನೋ ಅವರು ಹೇಳಿದ್ದು ಸರಿ ಅನ್ನಿಸ್ತು. ಯಾಕಂದ್ರೆ ಅವರು ಮಗನ ಮನೆಗೆ ಹೋಗಿ ಹತ್ತು ದಿನ ಬೀಗ ಹಾಕಿದ್ದಾಗಲೂ ಹನಿ ನಿಂತಿರಲಿಲ್ಲ. ಮನೆಯಲ್ಲಿ ಜನವೇ ಇಲ್ಲ ಅಂದ ಮೇಲೆ ಡ್ರೈನ್ ಅಲ್ಲ. ಫೆಬ್ರವರಿ ತಿಂಗಳು, ಮಳೆಯೂ ಅಲ್ಲ. ಉಳಿದದ್ದು ಸಪ್ಲೈ.

‘ಅಂಕಲ್, ಏನೂ ಒಡೆಯಲ್ಲ, ರಾತ್ರಿ ಹೊತ್ತು ವಾಲ್ವ್ ಬಂದ್ ಮಾಡ್ತೀವಿ ಅಷ್ಟೇ’ ಅಂತ ಕೇಳಿದ್ವಿ. ‘ಬೆಳಿಗ್ಗೆ ಐದೂವರೆಗೆ ನನಗೆ ನೀರು ಬೇಕಪ್ಪ’ ಅಂತ ಷರತ್ತು ಹಾಕಿ ಒಪ್ಪಿಕೊಂಡ್ರು. ಆ ಕಟ್ಟಡದಲ್ಲಿ ಪ್ರತಿ ಮನೆಗೂ ಬೇರೆ ಟ್ಯಾಂಕು, ಅದು ನಮ್ಮ ಅದೃಷ್ಟ. ಮೊದಲ ರಾತ್ರಿ ಬರೀ ಅಳತೆ: ಏಳು ಗಂಟೆಯಲ್ಲಿ 1.3 ಸೆಂ.ಮೀ. ಇಳೀತು, ಅಂದ್ರೆ 12 ಲೀಟರ್ ಹತ್ತಿರ. ಕೆಳಗೆ ಹನಿ ನಿಮಿಷಕ್ಕೆ ನಲವತ್ತು. ನಾಲ್ಕು ಹನಿಗೆ 1 ಮಿಲಿಲೀಟರ್ ಅಂತ ಹಿಡಿದ್ರೆ ಏಳು ಗಂಟೆಗೆ ನಾಲ್ಕೂ ಚಿಲ್ಲರೆ ಲೀಟರ್ ಮಾತ್ರ. ಉಳಿದ ಎಂಟು ಲೀಟರ್ ಎಲ್ಲಿ? ನೆಲದೊಳಗೆ! ಈ ವ್ಯತ್ಯಾಸ ನೋಡಿದ ಮೇಲೆ ನೀರು ದೂರದಿಂದ ಹರಿದು ಬರ್ತಿದೆ ಅನ್ನೋ ಅನುಮಾನ ಗಟ್ಟಿಯಾಯ್ತು.

ಟ್ಯಾಂಕ್‌ನಿಂದ ಎರಡು ಪೈಪ್ ಇಳೀತಿತ್ತು, ಬಾತ್‌ರೂಮಿಗೊಂದು, ಅಡುಗೆಮನೆಗೊಂದು. ಎರಡನೇ ರಾತ್ರಿ ಬಾತ್‌ರೂಮ್ ಲೈನ್ ಬಂದ್. ಮಟ್ಟ ಮತ್ತೆ ಅಷ್ಟೇ ಇಳೀತು. ಮೂರನೇ ರಾತ್ರಿ ಅದನ್ನು ಬಿಟ್ಟು ಅಡುಗೆಮನೆ ಲೈನ್ ಬಂದ್. ಸ್ಕೇಲ್ ಅಲ್ಲಾಡಲಿಲ್ಲ. ಹನಿ ಮಾತ್ರ ತಕ್ಷಣ ನಿಲ್ಲಲಿಲ್ಲ, ಬೆಳಿಗ್ಗೆ ಹೊತ್ತಿಗೆ ನಿಮಿಷಕ್ಕೆ ಆರಕ್ಕೆ ಬಂದಿತ್ತು. ನೆಲದಲ್ಲಿ ಕೂತ ನೀರು ಖಾಲಿಯಾಗೋಕೆ ಹೊತ್ತು ಬೇಕಲ್ಲ. ಬರೀ ಹನಿಯನ್ನೇ ನಂಬಿ ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಬಾರದು ಅನ್ನೋದು ಅದಕ್ಕೇ. ಒಂದು ಸಲಕ್ಕೆ ಒಂದೇ ವಾಲ್ವ್ ಮುಟ್ಟಬೇಕು ಅನ್ನೋದೂ ಅದಕ್ಕೇ.

ಪ್ಲಂಬರ್ ಅಡುಗೆಮನೆ ಲೈನ್‌ಗೆ ಕೈಪಂಪು, ಗೇಜು ಜೋಡಿಸಿ ಒತ್ತಡ ಏರಿಸಿದ್ರು. ಮುಳ್ಳು ನಿಧಾನಕ್ಕೆ ಬೀಳ್ತಾ ಹೋಯ್ತು. ಸಿಂಕ್ ಹಿಂದೆ ನಲ್ಲಿ ಕೂರೋ ಜಾಗದ ಒಂದೇ ಟೈಲ್ ತೆಗೆದಾಗ ಹಿತ್ತಾಳೆ ಎಲ್ಬೋದಲ್ಲಿ ಕೂದಲೆಳೆಯ ಬಿರುಕು. ಫ್ಯಾನ್‌ನಿಂದ ಅದು ನಾಲ್ಕು ಮೀಟರ್ ದೂರ. ನೀರು ಟೈಲ್ಸ್ ಕೆಳಗಿನ ಗಾರೆಯಲ್ಲಿ ಹರಿದು, ವೈರಿಂಗ್ ಪೈಪ್ ಹಿಡಿದು, ಫ್ಯಾನ್ ಹತ್ತಿರ ಇಳೀತಿತ್ತು. ಅಂಕಲ್ ಬಾತ್‌ರೂಮ್ ಉಳೀತು. ಚಿಕ್ಕಮ್ಮನೂ ಅವರೂ ಈಗ ಮೆಟ್ಟಿಲ ಹತ್ತಿರ ಸಿಕ್ಕಿದ್ರೆ ಮಾತಾಡ್ತಾರಂತೆ.

ಡ್ರೈನ್ ಮೇಲೆ ಅನುಮಾನ ಇದ್ದಿದ್ರೆ ದಾರಿ ಬೇರೆ. ಕೇಸರಿಬಾತಿಗೆ ಹಾಕೋ ಬಣ್ಣ ಸಾಕು. ಫ್ಲಶ್ ಟ್ಯಾಂಕ್‌ಗೆ ಸ್ವಲ್ಪ ಬಣ್ಣ ಬೆರೆಸಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡ್‌ನಲ್ಲಿ ಬಣ್ಣ ಕಂಡ್ರೆ ಒಳಗಿನ ವಾಷರ್ ಹೋಗಿದೆ. ಇದು ಗೋಡೆ ನೆನೆಸಲ್ಲ, ಸದ್ದಿಲ್ಲದೆ ಟ್ಯಾಂಕ್ ಖಾಲಿ ಮಾಡುತ್ತೆ. ಟ್ಯಾಂಕ್ ಪರೀಕ್ಷೆಗೆ ಮುಂಚೆ ಇದನ್ನು ನೋಡ್ಕೊಂಡ್ರೆ ಒಳ್ಳೇದು, ಇಲ್ಲಾಂದ್ರೆ ಪೈಪ್ ಮೇಲೆ ಸುಮ್ಮನೆ ಅಪವಾದ. ಬಾತ್‌ರೂಮ್ ನೆಲಕ್ಕೆ, ಮೊದಲು ಬಕೆಟ್‌ನಲ್ಲಿ ನೀರನ್ನು ನೇರವಾಗಿ ನೆಲದ ಜಾಲರಿಯೊಳಗೆ ಸುರಿದು ಕಾಯಿರಿ. ಏನೂ ಬರದಿದ್ರೆ ಇನ್ನೊಂದು ದಿನ ಜಾಲರಿಗೆ ಬಟ್ಟೆ ತುರುಕಿ ಎರಡು ಬೆರಳು ನೀರು ನಿಲ್ಲಿಸಿ. ಮೊದಲನೆಯದಕ್ಕೆ ಸೋರಿದ್ರೆ ಪೈಪು, ಎರಡನೆಯದಕ್ಕೆ ಸೋರಿದ್ರೆ ನೆಲ. ತಾರಸಿಗೂ ಹೀಗೇ, ಭಾಗ ಭಾಗವಾಗಿ ನೀರು ಕಟ್ಟಿ ಒಂದೆರಡು ದಿನ ನೋಡಬೇಕು.

ಯಂತ್ರಗಳ ಬಗ್ಗೆ ಕೇಳ್ತೀರಾ ಅಂತ ಗೊತ್ತು. ಥರ್ಮಲ್ ಕ್ಯಾಮೆರಾ ಗೋಡೆಯೊಳಗಿನ ನೀರನ್ನು ನೋಡಲ್ಲ, ಗೋಡೆಯ ಮೇಲ್ಮೈ ತಾಪಮಾನ ನೋಡುತ್ತೆ. ಒದ್ದೆ ಜಾಗ ಆವಿಯಾಗ್ತಾ ತಣ್ಣಗಾಗೋದರಿಂದ ಬೇರೆ ಬಣ್ಣ ಕಾಣುತ್ತೆ. ಗೀಸರ್‌ನ ಬಿಸಿನೀರಿನ ಪೈಪ್‌ಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ತೇವ ಅಳೆಯೋ ಮೀಟರ್ ವಿದ್ಯುತ್ ನಿರೋಧವನ್ನು ಅಳೆಯುತ್ತೆ, ಹಾಗಾಗಿ ಉಪ್ಪು ಹಿಡಿದ ಗೋಡೆ ಒಣಗಿದ್ರೂ ಅದು ಒದ್ದೆ ಅಂತ ಮೋಸ ಹೋಗಬಹುದು. ಶೇ. 5 ಹೈಡ್ರೋಜನ್, ಮಿಕ್ಕಿದ್ದು ನೈಟ್ರೋಜನ್ ಇರೋ ಗ್ಯಾಸನ್ನು ಖಾಲಿ ಪೈಪ್‌ಗೆ ತುಂಬಿ, ಎಲ್ಲಿ ಹೊರಬರುತ್ತೆ ಅಂತ ಸೆನ್ಸರ್‌ನಲ್ಲಿ ಮೂಸೋ ವಿಧಾನವೂ ಇದೆ. ಅಷ್ಟು ಕಡಿಮೆ ಹೈಡ್ರೋಜನ್ ಹೊತ್ತಿಕೊಳ್ಳಲ್ಲ. ನಮಗೆ ಇಷ್ಟವಾದದ್ದು ಬೀದಿ ಪೈಪ್‌ಗಳಿಗೆ ಬಳಸೋ ಕೋರಿಲೇಟರ್. ಪೈಪ್‌ನ ಎರಡು ಕಡೆ ಸೆನ್ಸರ್ ಇಟ್ಟು, ಸೋರಿಕೆಯ ಸದ್ದು ಯಾವ ಕಡೆ ಎಷ್ಟು ಬೇಗ ತಲುಪಿತು ಅಂತ ಅಳೀತಾರೆ. ಸೆನ್ಸರ್‌ಗಳ ನಡುವೆ 100 ಮೀಟರ್, ಸದ್ದಿನ ವೇಗ ಸೆಕೆಂಡಿಗೆ 1200 ಮೀಟರ್, ವ್ಯತ್ಯಾಸ 0.025 ಸೆಕೆಂಡ್ ಇದ್ರೆ, ಹತ್ತಿರದ ಸೆನ್ಸರ್‌ನಿಂದ ದೂರ (100 − 30) ÷ 2, ಅಂದ್ರೆ 35 ಮೀಟರ್. ಆದ್ರೆ ಪ್ಲಾಸ್ಟಿಕ್ ಪೈಪ್ ಸದ್ದನ್ನು ನುಂಗಿಬಿಡುತ್ತೆ, ನಮ್ಮ ಮನೆಗಳ ಸಿಪಿವಿಸಿಗೆ ಇದನ್ನು ನೆಚ್ಚಿಕೊಳ್ಳೋಕಾಗಲ್ಲ. ಯಂತ್ರ ತರಿಸೋದಾದ್ರೂ ವಾಲ್ವ್ ಪರೀಕ್ಷೆ ಮುಗಿಸಿ ತರಿಸಿ. ಯಾವ ಲೈನು ಅಂತ ಗೊತ್ತಿದ್ರೆ ಮಾತ್ರ ಅದಕ್ಕೆ ಕೊಟ್ಟ ದುಡ್ಡು ದಕ್ಕುತ್ತೆ.

ರಿಪೇರಿ ಆದ ಮೇಲೆ ಕಲೆಯ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಸ್ಲ್ಯಾಬ್ ಒಣಗೋಕೆ ವಾರಗಳೇ ಬೇಕು, ಅಲ್ಲೀವರೆಗೆ ಪೇಂಟ್ ಬೇಡ. ಕಲೆ ಗೆರೆ ದಾಟಿದ್ರೆ ಮತ್ತೆ ಸ್ಕೇಲ್ ಹಿಡ್ಕೊಂಡು ತಾರಸಿ ಹತ್ತಿ.