ಹಾರುವ ಓತಿ ಅಥವಾ ನಮ್ಮ ನಾಡಿನ ಡ್ರ್ಯಾಗನ್

ಡ್ರ್ಯಾಗನ್ ಎಂಬ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರನು. ಆಂಗ್ಲ ಸಾಹಿತ್ಯದ ತರಗತಿಯಲ್ಲಿ ಬೇವುಲ್ಫನ ಕಥೆ ಬಂದಾಗ, ನಿಧಿಯ ಮೇಲೆ ಮಲಗಿದ್ದು ಒಂದು ಬಟ್ಟಲು ಕಳುವಾದುದಕ್ಕೆ ಊರನ್ನೇ ಸುಟ್ಟ ಡ್ರ್ಯಾಗನ್ ಬರುತ್ತದೆ. ಮುದಿ ರಾಜನನ್ನು ಕಚ್ಚಿ ಕೊಂದು ತಾನೂ ಸಾಯುತ್ತದೆ. ಚೀಣದವರ ಡ್ರ್ಯಾಗನ್ ಬೇರೆ ಸ್ವಭಾವದ್ದು. ಅದು ಮಳೆಯನ್ನು ತರುವ ಸಾಧು ಜೀವಿ. ಯೂರೋಪಿನ ಕಥೆಗಾರರಂತೂ ತಮ್ಮ ಪ್ರಾಣಿಗೆ ಒಂದು ಪೂರ್ತಿ ಜೀವನಕ್ರಮವನ್ನೇ ಕಟ್ಟಿಕೊಟ್ಟಿದ್ದಾರೆ. ನಾಲ್ಕು ಕಾಲು, ಬಾವಲಿಯದರಂತಹ ಎರಡು ರೆಕ್ಕೆ, ಮೈತುಂಬ ಹುರುಪೆ, ಹೊಟ್ಟೆಯೊಳಗೆ ಬೆಂಕಿ, ಗವಿಯಲ್ಲಿ ವಾಸ, ನೂರಾರು ವರ್ಷದ ಆಯುಸ್ಸು.

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಪ್ರಾಣಿಶಾಸ್ತ್ರಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಕಲ್ಪನೆ ನಮ್ಮ ವಿಭಾಗದ ಆಸ್ತಿಯಷ್ಟೆ. ಅದನ್ನು ಒಮ್ಮೆ ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು ನೋಡಿದರೆ ತಪ್ಪೇನು?

ಮೊದಲು ಕಾಲುಗಳನ್ನು ಎಣಿಸೋಣ. ಬೆನ್ನೆಲುಬುಳ್ಳ ನೆಲದ ಪ್ರಾಣಿಗಳೆಲ್ಲವೂ ಎರಡು ಜೊತೆ ಅವಯವಗಳ ಮೂಲ ನಕ್ಷೆಯಿಂದ ಬಂದವು. ಹಾವು ಆ ನಾಲ್ಕನ್ನೂ ಕಳೆದುಕೊಂಡಿತು; ಆದರೆ ಐದನೆಯದನ್ನು ಗಳಿಸಿದ ಪ್ರಾಣಿ ಇಲ್ಲ. ಹಾರಬೇಕೆಂದ ಹಕ್ಕಿ ತನ್ನ ಮುಂಗಾಲುಗಳನ್ನು ರೆಕ್ಕೆಗಳಿಗೆ ತೆತ್ತಿತು. ಬಾವಲಿಯ ರೆಕ್ಕೆ ಅದರ ಕೈಬೆರಳುಗಳೇ. ಎಂದೋ ಅಳಿದುಹೋದ ಟೆರೊಸಾರುಗಳೂ ಹೀಗೆಯೇ ಮಾಡಿದವು. ನಾಲ್ಕು ಕಾಲುಗಳನ್ನೂ ಉಳಿಸಿಕೊಂಡು ಮೇಲೆ ಎರಡು ರೆಕ್ಕೆಗಳನ್ನು ಪಡೆದ ಡ್ರ್ಯಾಗನ್ ಈ ಲೆಕ್ಕಕ್ಕೆ ಒಗ್ಗುವುದಿಲ್ಲ.

ಬೆಂಕಿಯ ಮಾತು ಇನ್ನೂ ಕಷ್ಟದ್ದು. ಉರಿಯನ್ನು ಉಗುಳುವ ಪ್ರಾಣಿ ಲೋಕದಲ್ಲಿ ಇಲ್ಲ. ಅದಕ್ಕೆ ತುಸು ಹತ್ತಿರ ಬರುವುದು ಬಾಂಬಾರ್ಡಿಯರ್ ಎಂಬ ಪುಟ್ಟ ದುಂಬಿ. ಅದರ ಹೊಟ್ಟೆಯ ತುದಿಯಲ್ಲಿ ಹೈಡ್ರೋಕ್ವಿನೋನುಗಳೂ ಹೈಡ್ರೋಜನ್ ಪೆರಾಕ್ಸೈಡೂ ಒಂದು ಕೋಶದಲ್ಲಿರುತ್ತವೆ. ಅವು ಪಕ್ಕದ ಕೋಶಕ್ಕೆ ಬಂದು ಅಲ್ಲಿಯ ಕಿಣ್ವಗಳನ್ನು ಕೂಡಿದೊಡನೆ ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದ ದ್ರವ ಸದ್ದು ಮಾಡುತ್ತ ಚಿಮ್ಮುತ್ತದೆ. ಬೇವುಲ್ಫನ ಶತ್ರು ಇದನ್ನು ಕಂಡರೆ ನಾಚಬೇಕು. ಮೈಯ ಇನ್ನೊಂದು ತುದಿಯಿಂದ ಬಂದದ್ದಾದರೂ ಈ ಬಿಸಿ ನಿಜವಾದದ್ದು.

ಹಾಗಾದರೆ ಡ್ರ್ಯಾಗನ್ ಬರಿಯ ಸುಳ್ಳೆ? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವನು ಸ್ವೀಡನ್ನಿನ ಲಿನೇಯಸ್. ಅವನು 1735ರಲ್ಲಿ ಹ್ಯಾಂಬರ್ಗ್ ನಗರಕ್ಕೆ ಬಂದಾಗ ಅಲ್ಲಿ ಏಳು ತಲೆಯ ಹೈಡ್ರಾ ಎಂಬ ಒಣಗಿಸಿದ ವಿಚಿತ್ರ ಪ್ರಾಣಿಯೊಂದನ್ನು ಭಾರಿ ಬೆಲೆಗೆ ಮಾರಲು ಇಟ್ಟಿದ್ದರು. ಲಿನೇಯಸ್ ಅದನ್ನು ಪರೀಕ್ಷಿಸಿ, ನಮ್ಮ ಮುಂಗುಸಿಯನ್ನು ಹೋಲುವ ವೀಸೆಲ್ ಎಂಬ ಪ್ರಾಣಿಯ ದವಡೆ ಕಾಲುಗಳನ್ನು ಜೋಡಿಸಿ, ಮೇಲೆ ಹಾವಿನ ಚರ್ಮವನ್ನು ಅಂಟಿಸಿದ್ದಾರೆಂದು ತೋರಿಸಿಕೊಟ್ಟನು. ಹೈಡ್ರಾದ ಬೆಲೆ ಬಿದ್ದುಹೋಯಿತು. ಒಡೆಯರ ಕೋಪಕ್ಕೆ ಅಂಜಿ ಲಿನೇಯಸ್ ಊರು ಬಿಟ್ಟನು. ಅದೇ ವರ್ಷ ಅಚ್ಚಾದ ತನ್ನ ‘ಸಿಸ್ಟಮಾ ನ್ಯಾಚುರೇ’ ಗ್ರಂಥದಲ್ಲಿ ನಂಬಲಾಗದ ಪ್ರಾಣಿಗಳಿಗೆಂದೇ ಒಂದು ವಿಭಾಗವನ್ನು ಮಾಡಿ, ಡ್ರ್ಯಾಗನ್ನನ್ನೂ ಅಲ್ಲಿ ಸೇರಿಸಿದನು. ರೆಕ್ಕೆಯುಳ್ಳ ಹಲ್ಲಿಯನ್ನೋ ತೊರಕೆ ಮೀನನ್ನೋ ಒಣಗಿಸಿ ಕೈಚಳಕದಿಂದ ಇದನ್ನು ಮಾಡುತ್ತಾರೆಂಬುದು ಅವನ ತೀರ್ಪು.

ಹೀಗೆ ಹೊರಗೆ ಹಾಕಿದ ಹೆಸರನ್ನು ಅವನೇ ಮತ್ತೆ ಒಳಕ್ಕೆ ಕರೆದುಕೊಂಡದ್ದು ನನಗೆ ಬಹಳ ಸ್ವಾರಸ್ಯವೆನಿಸುತ್ತದೆ. ಅದೇ ಗ್ರಂಥದ 1758ರ ಹತ್ತನೆಯ ಆವೃತ್ತಿಯಲ್ಲಿ ಪೂರ್ವ ದೇಶಗಳ ಒಂದು ಸಣ್ಣ ಹಾರುವ ಹಲ್ಲಿಗೆ ‘ಡ್ರಾಕೋ ವೊಲಾನ್ಸ್’, ಎಂದರೆ ಹಾರುವ ಡ್ರ್ಯಾಗನ್, ಎಂದು ನಾಮಕರಣವಾಯಿತು. ಲ್ಯಾಟಿನ್ನಿನಲ್ಲಿ ಡ್ರ್ಯಾಗನ್ನಿಗೆ ಡ್ರಾಕೋ ಎಂದೇ ಹೆಸರು. ಕಥೆಯ ಪ್ರಾಣಿ ಹೊರಟುಹೋಯಿತು; ಅದರ ಹೆಸರು ಗೇಣುದ್ದದ ಒಂದು ಜೀವಿಗೆ ದಕ್ಕಿತು.

ನಮ್ಮ ಶಿಲ್ಪಿಗಳೂ ಇಂತಹ ಜೋಡಣೆಯಲ್ಲಿ ಹಿಂದೆ ಬಿದ್ದವರಲ್ಲ. ಹಳೇಬೀಡಿನ ಭಿತ್ತಿಯ ಮೇಲೆ ಸಾಲಾಗಿ ನಡೆಯುವ ಮಕರಗಳಿಗೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ. ಅವರು ಮಾತ್ರ ಅದನ್ನು ಒಣಗಿಸಿದ ಪ್ರಾಣಿಯೆಂದು ಯಾರಿಗೂ ಮಾರಲಿಲ್ಲ.

ಇನ್ನು ನಮ್ಮ ನಾಡಿನ ಡ್ರ್ಯಾಗನ್ನಿಗೆ ಬರೋಣ. ಡ್ರಾಕೋ ಕುಲದ ಹೆಚ್ಚಿನ ಪ್ರಭೇದಗಳು ಆಗ್ನೇಯ ಏಷ್ಯದ ಕಾಡುಗಳವು. ದಕ್ಷಿಣ ಭಾರತಕ್ಕೆ ಬಂದಿರುವುದು ಒಂದೇ. ಮಲಬಾರಿನ ಕಡೆಯಿಂದ ಪ್ರಾಣಿಗಳನ್ನು ಸಂಗ್ರಹಿಸಿ ಪ್ಯಾರಿಸ್ಸಿಗೆ ಒಯ್ದ ಡುಸ್ಸುಮಿಯೆ ಎಂಬ ಫ್ರೆಂಚ್ ವರ್ತಕನ ಹೆಸರಿನಲ್ಲಿ, 1837ರಲ್ಲಿ ಡುಮೆರಿಲ್ ಮತ್ತು ಬಿಬ್ರಾನ್ ಎಂಬ ವಿದ್ವಾಂಸರು ಅದಕ್ಕೆ ‘ಡ್ರಾಕೋ ಡುಸ್ಸುಮಿಯೇರಿ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಹಾರುವ ಓತಿ ಎನ್ನುತ್ತೇವೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಬಂದ ಮೇಲೆ ಈ ಹೆಸರು ಮನೆಮಾತಾಯಿತು. ಆ ಕಾದಂಬರಿಯಲ್ಲಿ ಓತಿಯನ್ನು ಹುಡುಕಿಕೊಂಡು ಒಂದು ತಂಡವೇ ಕಾಡಿಗೆ ಹೊರಡಬೇಕಾಗುತ್ತದೆ. ನಿಜದ ಹಾರುವ ಓತಿ ಅಷ್ಟು ದುರ್ಲಭವಲ್ಲ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ, ಅದಕ್ಕೆ ಅಂಟಿಕೊಂಡ ಅಡಕೆ ತೋಟಗಳಲ್ಲಿ, ಕಣ್ಣಿದ್ದವರಿಗೆ ಅದು ಕಾಣುತ್ತದೆ. ನಾನು ಅದನ್ನು ಮೊದಲು ನೋಡಿದ್ದು ಕೊಡಗಿನ ಪಶ್ಚಿಮದ ಗಡಿಯಾದ ಸಂಪಾಜೆಯಲ್ಲಿ, ಗೆಳೆಯನೊಬ್ಬನ ಅಡಕೆ ತೋಟದಲ್ಲಿ. ಮರದ ತೊಗಟೆಯೇ ಸ್ವಲ್ಪ ಸರಿದಂತಾಯಿತು, ಅಷ್ಟೆ.

ನಮ್ಮೂರು ಶಿರಂಗಾಲ. ಕೊಡಗೆಂದೊಡನೆ ಕಾಫಿ ತೋಟ, ಮಂಜು ಎಂದುಕೊಳ್ಳುವವರಿಗೆ ಈ ಮಾತನ್ನು ಹೇಳಬೇಕು: ಕಾವೇರಿಯ ದಡದಲ್ಲಿ, ಹಾಸನ ಜಿಲ್ಲೆಯ ಗಡಿಗೆ ತಾಗಿಕೊಂಡಿರುವ ನಮ್ಮೂರು ಬಯಲು ಸೀಮೆಯ ಬಾಗಿಲು. ಗದ್ದೆ, ಮುಸುಕಿನ ಜೋಳ, ಶುಂಠಿ ಇವೇ ನಮ್ಮ ನೋಟ. ಅಲ್ಲಿ ಹಾರುವ ಓತಿಯನ್ನು ನಾನು ಕಂಡದ್ದಿಲ್ಲ. ಆದರೆ ಅದರ ದಾಯಾದಿ ನಮ್ಮ ಬೇಲಿ ಬೇಲಿಯಲ್ಲೂ ಇದ್ದಾನೆ. ಅವನೇ ಓತಿಕ್ಯಾತ. ಇಬ್ಬರೂ ಅಗಾಮಿಡೇ ಎಂಬ ಒಂದೇ ಕುಟುಂಬದವರು. ಕತ್ತು ಕೆಂಪಗೆ ಮಾಡಿಕೊಂಡು ತಲೆಯಾಡಿಸುವ ಓತಿಕ್ಯಾತ ದೂರದಿಂದಲೇ ನೆತ್ತರು ಹೀರುತ್ತಾನೆಂದು ನಂಬಿ ಹಳ್ಳಿಯ ಹುಡುಗರು ಕಲ್ಲು ಹೊಡೆಯುವುದುಂಟು. ಅವನು ಹೀರುವುದು ಏನೂ ಇಲ್ಲ. ಗಂಡು ತನ್ನ ಬೇಲಿಯನ್ನು ಇನ್ನೊಂದು ಗಂಡಿನಿಂದ ಕಾಯುತ್ತಿರುತ್ತದೆ, ಹೆಣ್ಣನ್ನು ಒಲಿಸಿಕೊಳ್ಳುತ್ತಿರುತ್ತದೆ. ಈ ತಲೆಯಾಟವನ್ನು ನೆನಪಿಟ್ಟುಕೊಂಡರೆ ಹಾರುವ ಓತಿಯ ಸಂಸಾರ ಅರ್ಧ ತಿಳಿದಂತೆ.

ಮೂಗಿನಿಂದ ಬಾಲದ ತುದಿಯವರೆಗೆ ಅಳೆದರೆ ಹಾರುವ ಓತಿ ಸುಮಾರು 23 ಸೆಂಟಿಮೀಟರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಬಣ್ಣ ತೊಗಟೆಯದು. ಇದಕ್ಕೂ ನಾಲ್ಕು ಕಾಲುಗಳಿವೆ, ಅವಲ್ಲದೆ ರೆಕ್ಕೆಯೂ ಇದೆ! ಅಸಾಧ್ಯವೆಂದು ಮೇಲೆ ಬರೆದದ್ದನ್ನು ಇದು ಹೇಗೆ ಸಾಧಿಸಿತು? ಕಾಲನ್ನು ಮುಟ್ಟದೆ, ಪಕ್ಕೆಲುಬುಗಳಿಂದ. ನಮ್ಮ ಪಕ್ಕೆಲುಬುಗಳು ಬಾಗಿ ಎದೆಯನ್ನು ಸುತ್ತುತ್ತವೆ. ಡ್ರಾಕೋ ಕುಲದಲ್ಲಿ ಐದರಿಂದ ಏಳು ಜೊತೆ ಪಕ್ಕೆಲುಬುಗಳು ಹಾಗೆ ಬಾಗದೆ ಉದ್ದವಾಗಿ ಮೈಯಿಂದ ಹೊರಕ್ಕೆ ಚಾಚುತ್ತವೆ. ಅವುಗಳ ಮೇಲೆ ತೆಳುವಾದ ಚರ್ಮದ ಪೊರೆ. ಕೊಡೆಯ ಕಡ್ಡಿಗೂ ಬಟ್ಟೆಗೂ ಇರುವ ಸಂಬಂಧವೇ ಇಲ್ಲಿಯೂ. ಬೇಡದಾಗ ಮಡಿಸಿ ಪಕ್ಕಕ್ಕೆ ಒತ್ತಿಕೊಂಡರೆ ರೆಕ್ಕೆಯಿದೆಯೆಂಬ ಗುರುತೇ ಸಿಕ್ಕುವುದಿಲ್ಲ. ಬಿಚ್ಚಿದಾಗ ಮೇಲ್ಭಾಗ ನೇರಳೆಗಪ್ಪು, ನಡುನಡುವೆ ತಿಳಿಬಣ್ಣದ ಚುಕ್ಕೆಗಳು. ಇಂತಹ ಪಕ್ಕೆಲುಬಿನ ರೆಕ್ಕೆ ಇದೇ ಮೊದಲಲ್ಲ. ಇಂಗ್ಲೆಂಡಿನಲ್ಲಿ ದೊರೆತ ಕ್ಯೂನಿಯೋಸಾರಸ್ ಎಂಬ ಸರೀಸೃಪದ ಪಳೆಯುಳಿಕೆಯಲ್ಲೂ ಇದೇ ಉಪಾಯವಿದೆ. ಅದು ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನದು, ಹಾರುವ ಓತಿಯ ಪೂರ್ವಜನೂ ಅಲ್ಲ.

ಹಾರುವುದೆಂದರೆ ಹಕ್ಕಿಯ ಹಾಗೆ ರೆಕ್ಕೆ ಬಡಿಯುವುದಲ್ಲ. ಮರದಿಂದ ಮರಕ್ಕೆ ತೇಲುವುದು. ಅದರ ವಿಧಾನ ಬಹುಕಾಲ ಯಾರ ಕಣ್ಣಿಗೂ ಸರಿಯಾಗಿ ಬಿದ್ದಿರಲಿಲ್ಲ. ಪಕ್ಕೆಲುಬುಗಳೇ ರೆಕ್ಕೆಯನ್ನು ಪೂರ್ತಿ ಹಿಡಿದಿರುತ್ತವೆ, ಕೈಗಳು ಗಾಳಿಯಲ್ಲಿ ಸುಮ್ಮನೆ ಚಾಚಿರುತ್ತವೆ ಎಂದೇ ತಿಳಿಯಲಾಗಿತ್ತು. ಮ್ಯಾಕ್ಸಿಮಿಲಿಯನ್ ಡೇಲಿಂಗ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞರು ನಮ್ಮ ರಾಜ್ಯದ ಆಗುಂಬೆಯಲ್ಲಿ ಇದೇ ಪ್ರಭೇದದ ಛಾಯಾಚಿತ್ರಗಳನ್ನು ತೆಗೆದು 2017ರಲ್ಲಿ ಹೊಸ ವಿಷಯವನ್ನು ಪ್ರಕಟಿಸಿದರು. ಓತಿ ನೆಗೆದ ಒಡನೆಯೇ ತನ್ನ ಎರಡೂ ಕೈಗಳಿಂದ ಪೊರೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ! ಹಿಡಿದು ಮುಂದಕ್ಕೆಳೆದು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಇಳಿಯುವ ಮುನ್ನ ಕೈಬಿಡುತ್ತದೆ. ಬಿಟ್ಟ ಕೈಗಳು ಮರವನ್ನು ತಬ್ಬಲು ಸಿದ್ಧ. ಹಕ್ಕಿ ಬಾವಲಿಗಳು ಕೈಯನ್ನು ರೆಕ್ಕೆಯಾಗಿ ಮಾರ್ಪಡಿಸಿಕೊಂಡವು. ಹಾರುವ ಓತಿ ಕೈಯನ್ನು ಕೈಯಾಗಿಯೇ ಉಳಿಸಿಕೊಂಡು, ಹಾರುವಷ್ಟು ಹೊತ್ತು ಮಾತ್ರ ರೆಕ್ಕೆಗೆ ಎರವಲು ಕೊಡುತ್ತದೆ. ಡ್ರಾಕೋ ಕುಲದಲ್ಲಿ ಹೀಗೆ 60 ಮೀಟರಿನವರೆಗೆ ತೇಲಿದ ದಾಖಲೆಯಿದೆ. ತೋಟದಲ್ಲಿ ನಾವು ಕಾಣುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಚಿಕ್ಕ ಪಯಣ.

ಊಟ ಬಹುಮಟ್ಟಿಗೆ ಇರುವೆ. ಕಾಂಡದ ಮೇಲೆ ಸಾಲುಗಟ್ಟಿ ಹೋಗುವ ಇರುವೆಗಳನ್ನು ಇದ್ದಲ್ಲಿಂದಲೇ ನಾಲಗೆ ಚಾಚಿ ಒಂದೊಂದಾಗಿ ತೆಗೆದುಕೊಳ್ಳುತ್ತದೆ. ಗಂಡಿನ ಗಂಟಲಿನಡಿ ನಿಂಬೆಹಳದಿಯ ಉದ್ದನೆಯ ಚರ್ಮದ ಪತಾಕೆಯೊಂದಿದೆ, ಹೆಣ್ಣಿನದು ಚಿಕ್ಕದು. ಓತಿಕ್ಯಾತ ತಲೆಯಾಡಿಸಿ ಹೇಳುವುದನ್ನು ಇದು ಪತಾಕೆ ಬೀಸಿ ಹೇಳುತ್ತದೆ. ಬೇರೆ ಗಂಡು ಬಂದರೆ ಬೆದರಿಕೆ, ಹೆಣ್ಣು ಬಂದರೆ ಆಹ್ವಾನ; ರೆಕ್ಕೆಗಳನ್ನೂ ಬಿಚ್ಚಿ ತೋರಿಸುವುದುಂಟು.

ಹೀಗೆ ತಿನ್ನುವುದು, ಕಾದಾಡುವುದು, ಕೂಡುವುದು ಎಲ್ಲವೂ ಮರದ ಮೇಲೆಯೇ. ಆದರೆ ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ನೆಲಕ್ಕೆ ಇಳಿಯಲೇಬೇಕು. ಮಣ್ಣಿನಲ್ಲಿ ಚಿಕ್ಕ ಗುಳಿ ತೋಡಿ, ನಾಲ್ಕರ ಸುಮಾರು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ಮರವೇರುತ್ತದೆ. ಸುಮಾರು 50 ದಿನಗಳ ಮೇಲೆ ಮರಿಗಳು ತಾವೇ ಹೊರಬಂದು ತಮ್ಮ ಮರವನ್ನು ತಾವೇ ಹುಡುಕಿಕೊಳ್ಳಬೇಕು. ಇದನ್ನು ಊರಿನಲ್ಲಿ ವರ್ಣಿಸಿದಾಗ ನಮ್ಮಜ್ಜಿ, “ಅಲ್ಲ ಮಗ, ರೆಕ್ಕೆ ಇದ್ದೂ ಮೊಟ್ಟೆ ಇಕ್ಕಕ್ಕೆ ನೆಲಕ್ಕೇ ಬರ್ಬೇಕಾ?” ಎಂದು ಕೇಳಿತು. ಪ್ರಶ್ನೆ ಸರಿಯಾದದ್ದೇ. ಹಕ್ಕಿಯ ಮೊಟ್ಟೆಗೆ ಗಟ್ಟಿ ಚಿಪ್ಪಿದೆ, ಮೇಲೆ ಕೂತು ಕಾವು ಕೊಡುವ ತಾಯಿಯಿದ್ದಾಳೆ. ಓತಿಯ ಮೊಟ್ಟೆಗೆ ಎರಡೂ ಇಲ್ಲ. ತೇವವನ್ನೂ ಬಿಸಿಯನ್ನೂ ಹದವಾಗಿ ಕೊಡಬೇಕಾದದ್ದು ಮಣ್ಣೇ. ನಿಧಿಯನ್ನು ಕಾಯುವ ಡ್ರ್ಯಾಗನ್ನಿನ ಕಥೆ ಎಲ್ಲಿ, ತನ್ನ ನಾಲ್ಕು ಮೊಟ್ಟೆಗಳನ್ನು ಅಂಗೈಯಗಲದ ಮಣ್ಣಿಗೆ ಒಪ್ಪಿಸಿ ಹೋಗುವ ಈ ಡ್ರ್ಯಾಗನ್ ಎಲ್ಲಿ!

ಆದ್ದರಿಂದ ಈ ಪ್ರಾಣಿಯ ಬಾಳು ಎರಡು ಕಡೆ ಸಿಕ್ಕಿಕೊಂಡಿದೆ. ಒಂದು, ಮರಕ್ಕೂ ಮರಕ್ಕೂ ನಡುವಿನ ದೂರ. ಇನ್ನೊಂದು, ಮರದ ಬುಡದ ನೆಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ಸದ್ಯಕ್ಕೆ ಅಪಾಯವಿಲ್ಲವೆಂದು ಬರೆದಿದೆ. ಅಡಕೆ ತೋಟಕ್ಕೆ ಹೊಂದಿಕೊಂಡದ್ದೂ ಅದರ ಪುಣ್ಯ. ಆದರೆ ಬುಡ ಬಿಡಿಸುವ ಗುದ್ದಲಿಗೆ ಮಣ್ಣಿನೊಳಗಿನ ನಾಲ್ಕು ಮೊಟ್ಟೆ ಕಾಣುವುದಿಲ್ಲ, ಇರುವೆಗೆಂದು ಸುರಿದ ಔಷಧಿ ಓತಿಯ ಅನ್ನವನ್ನೇ ತೆಗೆಯುತ್ತದೆ. ನನ್ನ ಸಂಪಾಜೆಯ ಗೆಳೆಯನ ತಂದೆಯವರು ಇದನ್ನು ಕೇಳಿ, “ಹಾಗಾದರೆ ನಾವು ತೋಟ ಮಾಡುವುದು ಹೇಗಪ್ಪ?” ಎಂದರು. ಅದಕ್ಕೆ ಓತಿಯ ಪರವಾಗಿ ಉತ್ತರಿಸಲು ನನಗೆ ಅಧಿಕಾರವಿಲ್ಲ. ಯಾವ ತಿಂಗಳು ಹೆಣ್ಣು ಇಳಿಯುತ್ತದೆ, ಯಾವ ಬುಡವನ್ನು ಆರಿಸುತ್ತದೆ ಎಂಬುದನ್ನು ಅವರ ತೋಟದಲ್ಲೇ ಒಂದು ವರ್ಷ ಬರೆದಿಟ್ಟರೆ, ಆ ಎರಡು ತಿಂಗಳು ಅಷ್ಟು ಬುಡಗಳನ್ನು ಬಿಟ್ಟು ಅಗೆಯಬಹುದೆಂದು ಮಾತ್ರ ಹೇಳಿದೆ. ಗೆಳೆಯನು ಒಂದು ನೋಟುಪುಸ್ತಕ ತೆರೆದಿದ್ದಾನೆ. ಆ ಭಾಗದಿಂದ ಬರುವ ಇತರ ಸಹಪಾಠಿಗಳೂ ತಮ್ಮ ತೋಟಗಳಲ್ಲಿ ಹೀಗೆ ಬರೆದಿಟ್ಟರೆ ಒಂದಕ್ಕೊಂದು ಹೋಲಿಸಿ ನೋಡಬಹುದು.

ಈಚೆಗೆ ನಮ್ಮೂರಿನ ಕಡೆಯೂ ಕೆಲವರು ಅಡಕೆ ಸಸಿ ನೆಟ್ಟಿದ್ದಾರೆ. ಮರಗಳು ಬೆಳೆದ ಮೇಲೆ ಹಾರುವ ಓತಿ ಶಿರಂಗಾಲಕ್ಕೂ ಬಂದೀತೆ ಎಂದು ತಮ್ಮನೊಬ್ಬನು ನನ್ನನ್ನು ಕೇಳಿದ. ಸಂಪಾಜೆಯಲ್ಲಿ ಬೆಳಗ್ಗೆ ಬಸ್ಸು ಹತ್ತಿದರೆ ಮಡಿಕೇರಿ, ಕುಶಾಲನಗರಗಳನ್ನು ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ನಾವು ಊರು ಸೇರುತ್ತೇವೆ. ಓತಿಗೆ ಅದೇ ದಾರಿಯಲ್ಲಿ ಮರದಿಂದ ಮರಕ್ಕೆ ತೇಲಿ ಬರಬೇಕು. ಕಾಡು ತೋಟಗಳಿರುವವರೆಗೆ ಹೇಗೋ ಬಂದೀತು. ಕುಶಾಲನಗರ ಕಳೆದು ಈಚೆಗೆ ಬಂದರೆ ಜೋಳದ ಹೊಲ ಶುರುವಾಗುತ್ತದೆ. ಒಂದು ಬದುವಿನ ಮರಕ್ಕೂ ಇನ್ನೊಂದಕ್ಕೂ ನಡುವೆ ಕೆಲವೆಡೆ ಎರಡು ಮೂರು ಎಕರೆಯ ಬಯಲು. ಅವನನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದೆ.