ಗೊಜಿರ: ಒಂದು ದೈತ್ಯಚಿತ್ರದ ತಂತ್ರ ಮತ್ತು ಕಥೆ



ದೈತ್ಯಪ್ರಾಣಿಯ ಸಿನಿಮಾ ಎಂದರೆ ಮಕ್ಕಳಾಟ, ಎರಡು ಗಳಿಗೆ ಹೆದರಿ ಮರೆತುಬಿಡುವಂಥದು ಎಂದು ನಮ್ಮಲ್ಲಿ ಅನೇಕರ ಎಣಿಕೆ. ಜಪಾನಿನ ತೊಹೊ ಸಂಸ್ಥೆಯವರು 1954ರ ನವೆಂಬರ್ 3ರಂದು ತೆರೆಗೆ ತಂದ ‘ಗೊಜಿರ’ ಚಿತ್ರ ಈ ಎಣಿಕೆಯನ್ನು ಸುಳ್ಳುಮಾಡುತ್ತದೆ. ಹೊರದೇಶಗಳಲ್ಲಿ ಇದಕ್ಕೆ ‘ಗಾಡ್ಜಿಲಾ’ ಎಂದು ಹೆಸರು. ಗೊರಿಲ್ಲ ಎಂಬ ಮಾತಿಗೆ, ತಿಮಿಂಗಿಲಕ್ಕೆ ಜಪಾನೀ ಭಾಷೆಯಲ್ಲಿರುವ ‘ಕುಜಿರ’ ಎಂಬ ಮಾತನ್ನು ಬೆಸೆದು ಈ ಹೆಸರನ್ನು ಮಾಡಿದರು. ಚಿತ್ರದ ಕಣ್ಕಟ್ಟು ಹೇಗೆ ನಡೆಯಿತು, ಅದು ಕಥೆಗೆ ಹೇಗೆ ಒದಗಿತು ಎಂಬೆರಡು ಸಂಗತಿಗಳನ್ನು ಈ ಪಾಠದಲ್ಲಿ ನೋಡೋಣ.

ಹಿನ್ನೆಲೆ

ಅದೇ ವರ್ಷ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಹೈಡ್ರೋಜನ್ ಬಾಂಬನ್ನು ಪರೀಕ್ಷಿಸಿತು. ‘ಲಕ್ಕಿ ಡ್ರ್ಯಾಗನ್ 5’ ಎಂಬ ಜಪಾನೀ ಮೀನುಗಾರರ ಹಡಗು ಅಪಾಯದ ಸ್ಥಳವೆಂದು ಸಾರಿದ್ದ ಎಲ್ಲೆಯ ಹೊರಗೇ ಇತ್ತು. ಆದರೂ ಅದರ ಮೇಲೆ ವಿಷದ ಬೂದಿ ಸುರಿಯಿತು. ಹಡಗಿನಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ಅದರ ರೇಡಿಯೋ ಕೆಲಸಗಾರ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆರು ವಾರವೂ ಕಳೆಯುವ ಮೊದಲೇ ಚಿತ್ರ ಬಂತು. ನಿರ್ದೇಶಕ ಇಶಿರೊ ಹೊಂಡಾ ಯುದ್ಧದಿಂದ ಮರಳುವಾಗ ಹಾಳಾದ ಹಿರೋಶಿಮಾವನ್ನು ಕಣ್ಣಾರೆ ಕಂಡವರು.

ಚಿತ್ರದ ಆರಂಭದಲ್ಲೇ ಸಮುದ್ರ ಝಗ್ಗನೆ ಬೆಳಗಿ ಒಂದು ಹಡಗು ಉರಿದು ಮುಳುಗುತ್ತದೆ. ಮುಂದೆ, ದುಡಿಯಲು ಹೋದವರ ಮನೆಯವರು ಹಡಗಿನ ಕಂಪನಿಯ ಕಚೇರಿಗೆ ಮುತ್ತಿ ಸುದ್ದಿ ಕೇಳುತ್ತಾರೆ. ಹೇಳಲು ಅಲ್ಲಿಯವರಿಗೂ ಏನೂ ಗೊತ್ತಿಲ್ಲ. ಊರು ಬಿಟ್ಟು ಬಂದ ನಮಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಂತ್ರ

ಕಣ್ಕಟ್ಟಿನ ಹೊಣೆ ಹೊತ್ತವರು ಎಯ್ಜಿ ತ್ಸುಬುರಾಯಾ. 1933ರ ಅಮೆರಿಕನ್ ಚಿತ್ರ ‘ಕಿಂಗ್ ಕಾಂಗ್’ ಅವರಿಗೆ ಬಲು ಮೆಚ್ಚಿಕೆ. ಅದರಲ್ಲಿ ವಿಲಿಸ್ ಓಬ್ರಿಯನ್ ಎಂಬವರು ಪುಟ್ಟ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ತೆಗೆದಿದ್ದರು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಚಿತ್ರ ಬೇಕು. ಅಷ್ಟು ವ್ಯವಧಾನ ತ್ಸುಬುರಾಯಾ ಅವರಿಗೆ ಇರಲಿಲ್ಲ. ಆದ್ದರಿಂದ ರಬ್ಬರಿನ ವೇಷ ಹೊಲಿಸಿ ಮನುಷ್ಯನನ್ನೇ ಒಳಗೆ ನಿಲ್ಲಿಸಿದರು. ಮೊದಲ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ವೇಷದೊಳಗೆ ದೀಪಗಳ ಬಿಸಿಗೆ ಬೆಂದು ಕುಣಿದವರು ಹರುವೊ ನಕಾಜಿಮಾ. ಯಕ್ಷಗಾನದ ಬಣ್ಣದ ವೇಷದವರ ಬೆವರನ್ನು ಕಂಡವರಿಗೆ ಈ ಕಷ್ಟ ತಿಳಿದೀತು.

ಕಥೆಯಲ್ಲಿ ಪ್ರಾಣಿಯ ಎತ್ತರ 50 ಮೀಟರ್. ವೇಷ ಸುಮಾರು 2 ಮೀಟರ್. ಎಂದರೆ 25ರಲ್ಲಿ ಒಂದು ಪಾಲು. ಅದಕ್ಕೆ ತಕ್ಕಂತೆ ಟೋಕಿಯೋ ನಗರದ ಕಟ್ಟಡಗಳನ್ನೂ 25ರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿದರು. ಆದರೆ ಅಳತೆ ಸರಿಯಾದರೆ ಸಾಲದು, ವೇಳೆಯೂ ಸರಿಯಾಗಬೇಕು. 25 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು ಎರಡೂಕಾಲು ಸೆಕೆಂಡು ಬೇಕು. ಒಂದು ಮೀಟರಿನಿಂದ ಬಿದ್ದದ್ದಕ್ಕೆ ಅರ್ಧ ಸೆಕೆಂಡೂ ಬೇಡ. ಹಾಗೆಯೇ ತೋರಿಸಿದರೆ ಆಟಿಕೆ ಎಂದು ಕೂಡಲೇ ಗೊತ್ತಾಗುತ್ತದೆ. 25ರ ವರ್ಗಮೂಲ 5. ಆದ್ದರಿಂದ ಲೆಕ್ಕದ ಪ್ರಕಾರ ಕ್ಯಾಮರಾವನ್ನು ಐದು ಪಟ್ಟು ವೇಗದಲ್ಲಿ, ಸೆಕೆಂಡಿಗೆ 120 ಚಿತ್ರದಂತೆ ಓಡಿಸಿ, ತೆರೆಯ ಮೇಲೆ 24ರಂತೆ ತೋರಿಸಬೇಕು. ಆಗ ಪುಟ್ಟ ಗೋಡೆಯೂ ಭಾರವಾಗಿ, ನಿಧಾನವಾಗಿ ಕುಸಿಯುತ್ತದೆ. ವೇಷಧಾರಿಯ ಹೆಜ್ಜೆಗೂ ತೂಕ ಬರುತ್ತದೆ. ವಿದ್ಯುತ್ ಗೋಪುರಗಳು ಕರಗಬೇಕಾದಲ್ಲಿ ಅವನ್ನು ಮೇಣದಿಂದ ಮಾಡಿ ಬಿಸಿ ತಾಗಿಸಿದರು. ಪ್ರಾಣಿಯ ಕೂಗು ಸಂಗೀತಗಾರ ಅಕಿರಾ ಇಫುಕುಬೆ ಅವರ ಉಪಾಯ: ಆಳೆತ್ತರದ ಡಬಲ್ ಬಾಸ್ ವಾದ್ಯದ ತಂತಿಯನ್ನು ರಾಳ ಬಳಿದ ಚರ್ಮದ ಕೈಗವಸಿನಿಂದ ಉಜ್ಜಿ, ಆ ಧ್ವನಿಯನ್ನು ನಿಧಾನಗೊಳಿಸಿದರು.

ಕಥೆ

ಪ್ರಾಣಿಯನ್ನು ಮೊದಲೇ ತೋರಿಸುವುದಿಲ್ಲ. ಮೊದಲು ಮುಳುಗಿದ ಹಡಗು, ಬಳಿಕ ಬಿರುಗಾಳಿಯ ರಾತ್ರಿ ಕುಸಿದ ಮನೆ, ಆಮೇಲೆ ವಿಕಿರಣ ತುಂಬಿದ ಹೆಜ್ಜೆಗುರುತು, ಕೊನೆಗೆ ಗುಡ್ಡದಾಚೆ ಎದ್ದ ತಲೆ. ನೋಡುವವರ ಮನಸ್ಸೇ ಅರ್ಧ ಪ್ರಾಣಿಯನ್ನು ಕಟ್ಟಿಕೊಳ್ಳುತ್ತದೆ. ನಡುವೆ ಈ ಸತ್ಯವನ್ನು ಜನರಿಗೆ ತಿಳಿಸಬೇಕೋ ಮುಚ್ಚಿಡಬೇಕೋ ಎಂದು ಸಭೆಯಲ್ಲಿ ಜಗಳ. ತಿಳಿಸಲೇಬೇಕೆಂದು ಹೆಂಗಸರು ಎದ್ದು ಕೂಗುತ್ತಾರೆ.

ನಗರ ಉರಿಯುವಾಗ ಒಬ್ಬ ತಾಯಿ ಮಕ್ಕಳನ್ನು ಅಪ್ಪಿಕೊಂಡು, ಇನ್ನು ಅಪ್ಪನ ಬಳಿ ಹೋಗೋಣ ಎನ್ನುತ್ತಾಳೆ. ಮರುದಿನ ಆಸ್ಪತ್ರೆಯಲ್ಲಿ ಒಂದು ಮಗುವಿಗೆ ವಿಕಿರಣ ಅಳೆಯುವ ಯಂತ್ರ ಹಿಡಿದ ವಿಜ್ಞಾನಿ ಸುಮ್ಮನೆ ತಲೆಯಾಡಿಸುತ್ತಾನೆ. ಇಲ್ಲಿ ಕಣ್ಕಟ್ಟು ಯಾವುದೂ ಇಲ್ಲ. ಹಿಂದೆ ಕಂಡ ಕಣ್ಕಟ್ಟಿಗೆ ಅರ್ಥ ಬರುವುದು ಇಲ್ಲಿಯೇ.

ಸೆರಿಜಾವಾ ಎಂಬ ವಿಜ್ಞಾನಿಯ ಬಳಿ ಪ್ರಾಣಿಯನ್ನು ಕೊಲ್ಲಬಲ್ಲ ಅಸ್ತ್ರವಿದೆ. ಹೊರಗೆ ತಂದರೆ ಅಧಿಕಾರದವರು ಅದನ್ನು ಇನ್ನೊಂದು ಬಾಂಬು ಮಾಡಿಯಾರೆಂಬುದು ಅವನ ಅಂಜಿಕೆ. ತರದಿದ್ದರೆ ಜನ ಸಾಯುತ್ತಾರೆ. ಕೊನೆಗೆ ತನ್ನ ಕಾಗದಪತ್ರಗಳನ್ನೆಲ್ಲ ಸುಟ್ಟು, ಸಮುದ್ರದಡಿಗೆ ತಾನೇ ಇಳಿದು, ಅಸ್ತ್ರ ಬಿಟ್ಟು, ತನ್ನ ಉಸಿರಿನ ಕೊಳವೆಯನ್ನು ಕತ್ತರಿಸಿಕೊಳ್ಳುತ್ತಾನೆ. ಆ ವಿದ್ಯೆ ಅವನ ತಲೆಯಲ್ಲೂ ಉಳಿಯಬಾರದು. ಗೆದ್ದವರು ಹಡಗಿನ ಮೇಲೆ ನಿಂತು ಅಳುತ್ತಾರೆ.

1956ರಲ್ಲಿ ಅಮೆರಿಕದಲ್ಲಿ ತೋರಿಸಿದ ಪ್ರತಿಯಲ್ಲಿ ಬಾಂಬಿನ ಮಾತನ್ನು ಬಹಳಷ್ಟು ಕತ್ತರಿಸಿ, ಅಮೆರಿಕನ್ ನಟನೊಬ್ಬನ ದೃಶ್ಯಗಳನ್ನು ಸೇರಿಸಿದರು. ನೋಡುವುದಾದರೆ ಮೂಲ ಜಪಾನೀ ಪ್ರತಿಯನ್ನೇ ನೋಡಬೇಕು.

ಅಭ್ಯಾಸಕ್ಕಾಗಿ

ಮುಂದೆ ಯಾವ ಚಮತ್ಕಾರದ ಚಿತ್ರ ನೋಡಿದರೂ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಹೇಗೆ ಮಾಡಿದರು? ಇದನ್ನು ತೆಗೆದುಹಾಕಿದರೆ ಕಥೆಗೆ ಏನು ಕೊರತೆಯಾಗುತ್ತದೆ? ಬಿದ್ದ ಕಟ್ಟಡದ ಅಡಿಯಲ್ಲಿ ಇದ್ದವರ ಮುಖವನ್ನು ತೋರಿಸಿದರೋ ಇಲ್ಲವೋ? ಉತ್ತರಗಳನ್ನು ವಾಚನಾಲಯದಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಂಡರೆ ಈ ಪಾಠ ಸಾರ್ಥಕ.