ಬೇರಿನ ಗಂಟು ಕಟ್ಟುವವರು ಯಾರು?

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ರೈಜೋಬಿಯಂ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಚಿಂಚಲಿಯಲ್ಲಿ ನನ್ನ ಬೋಧನಾಭ್ಯಾಸದ ವೇಳೆ ಮಕ್ಕಳು ಆ ವಾಕ್ಯಗಳನ್ನು ತಪ್ಪಿಲ್ಲದೆ ಹೇಳಿದರು. ಆದರೆ ಬೇರುಸಹಿತ ಕಿತ್ತ ಸೋಯಾಬೀನ್ ಗಿಡ ತೋರಿಸಿದಾಗ ಒಬ್ಬ ಹುಡುಗ ಕೇಳಿದ: "ಸರ್, ಇದು ರೋಗದ ಗಂಟು ಅಲ್ಲೇನ್ರಿ?" ಪಾಠವನ್ನು ಈ ಪ್ರಶ್ನೆಯ ಸುತ್ತಲೇ ಕಟ್ಟಿದೆ.

ಚಟುವಟಿಕೆ 1: ಗುರುತಿಸುವುದು. ಬದನೆಯ ಬೇರಿಗೆ ನೆಮಟೋಡ್ ಹುಳು ತಗುಲಿದರೆ ಬೇರೇ ಊದಿಕೊಳ್ಳುತ್ತದೆ. ಆ ಗಂಟನ್ನು ಬಿಡಿಸಲಾಗದು. ಸೋಯಾಬೀನ್ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚುತ್ತದೆ. ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಗಂಟು ಕೆಲಸ ಮಾಡುತ್ತಿದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು.

ಚಟುವಟಿಕೆ 2: ಸಂಭಾಷಣೆ. ಕಪ್ಪುಹಲಗೆಯಲ್ಲಿ 'ಗಿಡ', 'ಬ್ಯಾಕ್ಟೀರಿಯಾ' ಎಂದು ಎರಡು ಅಂಕಣ ಬರೆದೆ. ಬೇರು ಫ್ಲೇವನಾಯ್ಡ್ ಸ್ರವಿಸುತ್ತದೆ. ಬ್ಯಾಕ್ಟೀರಿಯಾದ 'ನಾಡ್-ಡಿ' ಪ್ರೋಟೀನ್ ಅದನ್ನು ಗುರುತಿಸಿ ಉಳಿದ 'ನಾಡ್' ಜೀನ್‌ಗಳನ್ನು ಎಚ್ಚರಿಸುತ್ತದೆ. ಅವುಗಳಿಂದ ತಯಾರಾದ 'ನಾಡ್ ಫ್ಯಾಕ್ಟರ್' ಎಂಬ ಸಂಕೇತ ಬೇರಿಗೆ ತಲುಪುತ್ತದೆ. ಬೇರುರೋಮ ಸುರುಳಿಯಾಗಿ, ಸೋಂಕಿನ ಎಳೆಯ ಮೂಲಕ ಬ್ಯಾಕ್ಟೀರಿಯಾ ಒಳಹೋಗುತ್ತದೆ; ಬೇರಿನ ಕೋಶಗಳು ವಿಭಜಿಸಿ ಗಂಟಾಗುತ್ತವೆ. ಅಂದರೆ ಸಂಕೇತ ಬ್ಯಾಕ್ಟೀರಿಯಾದ್ದು, ಗಂಟು ಕಟ್ಟುವುದು ಗಿಡ. ಒಳಗೆ ಸೇರಿದ ಮೇಲೆ 'ನಿಫ್' ಜೀನ್‌ಗಳು ನೈಟ್ರೋಜಿನೇಸ್ ಕಿಣ್ವವನ್ನು ತಯಾರಿಸುತ್ತವೆ. ಆಮ್ಲಜನಕ ಹೆಚ್ಚಾದರೆ ಈ ಕಿಣ್ವ ಕೆಡುತ್ತದೆ. ಅದನ್ನು ಹತೋಟಿಯಲ್ಲಿಡುವುದೇ ಗುಲಾಬಿ ವರ್ಣಕದ ಕೆಲಸ.

ಸಹಪಾಠಿಗಳಿಗೊಂದು ಸೂಚನೆ: ಶೇಂಗಾ ಗಿಡವನ್ನೂ ಜೊತೆಗಿಡಿ. ಅದರಲ್ಲಿ ಬ್ಯಾಕ್ಟೀರಿಯಾ ಬೇರುರೋಮದಿಂದಲ್ಲ, ಕವಲುಬೇರು ಒಡೆಯುವ ಬಿರುಕಿನಿಂದ ಒಳಹೋಗುತ್ತದೆ. ಆದ್ದರಿಂದ ಗಂಟುಗಳು ಕವಲೊಡೆಯುವಲ್ಲೇ ಕಾಣುತ್ತವೆ. ಚಾರ್ಟಿನ ಚಿತ್ರ ಎಲ್ಲ ಗಿಡಕ್ಕೂ ಹೊಂದುವುದಿಲ್ಲ ಎಂಬುದು ಮಕ್ಕಳಿಗೇ ತಿಳಿಯುತ್ತದೆ.

ಒಬ್ಬ ಹುಡುಗಿ ಕೇಳಿದಳು: "ನಮ್ಮಪ್ಪ ಸೋಯಾಕ್ಕೂ ಯೂರಿಯಾ ಹಾಕ್ತಾರ್ರಿ. ಹಂಗಾದ್ರ ಗಂಟು ಏನ್ ಮಾಡ್ತಾವ್ರಿ?" ಒಂದು ಸಾರಜನಕ ಅಣುವನ್ನು ಸ್ಥಿರೀಕರಿಸಲು ಕನಿಷ್ಠ 16 ಎಟಿಪಿ ಬೇಕು, ಆ ಶಕ್ತಿಗೆ ಸಕ್ಕರೆ ಕೊಡುವುದು ಗಿಡವೇ. ಮಣ್ಣಿನಲ್ಲಿ ನೈಟ್ರೇಟ್ ಹೇರಳವಾಗಿ ಸಿಕ್ಕರೆ ಗಿಡ ಗಂಟುಗಳನ್ನು ಕಡಿಮೆ ಮಾಡುತ್ತದೆ. ಆದರೂ "ಯೂರಿಯಾ ಬೇಡ ಎಂದು ಮನೆಯಲ್ಲಿ ಹೇಳಿ" ಎಂದು ನಾನು ಹೇಳಲಿಲ್ಲ. ಬಿತ್ತನೆಯ ಹೊತ್ತಿಗೆ ಸ್ವಲ್ಪ ಸಾರಜನಕ ಕೊಡುವ ಶಿಫಾರಸೂ ಇದೆ.

ಮೌಲ್ಯಮಾಪನ. ಹೂಬಿಡುವ ಕಾಲದಲ್ಲಿ ಹೊಲದ ಎರಡು ಕಡೆಯಿಂದ ಒಂದೊಂದು ಗಿಡ ಅಗೆದು ತೆಗೆಯಿರಿ. ಗಂಟುಗಳನ್ನು ಎಣಿಸಿ, ಐದನ್ನು ಸೀಳಿ ಬಣ್ಣ ಬರೆಯಿರಿ. ಗೊಬ್ಬರ ಎಷ್ಟು, ಯಾವಾಗ ಹಾಕಿದ್ದು ಎಂದು ಮನೆಯವರನ್ನು ಕೇಳಿ ಪಕ್ಕದಲ್ಲೇ ದಾಖಲಿಸಿ.